ತಮ್ಮ ತೆಗೆಯದ ಹನ್ನೊಂದು ಸಿನಿಮಾ

ಮತದಾರರ ಪಟ್ಟಿಯಲ್ಲಿ ಅವಳಿಗೊಂದು ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕರೆದರೆ ಅವಳು ತಿರುಗಿ ಕೂಡ ನೋಡುತ್ತಿರಲಿಲ್ಲ. ಪ್ರೆಸ್ಸಿನವರಿಗೆ, ಬೀದಿಯವರಿಗೆ, ಕೊನೆಕೊನೆಗೆ ಹೆತ್ತ ತಾಯಿಗೂ ಅವಳು ಅಕ್ಷರದಕ್ಕ. ಹತ್ತೊಂಬತ್ತನೇ ವಯಸ್ಸಿಗೆ ಆಫ್‌ಸೆಟ್ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಬ್ರಷ್ ಹಿಡಿದು ಕೂತವಳು, ಐವತ್ತೆಂಟಾದರೂ ಅದೇ ಕಿಟಕಿಯ ಪಕ್ಕ, ಅದೇ ಇಳಿಜಾರು ಮೇಜಿನ ಮುಂದೆ ಕೂತಿದ್ದಳು.

ಅವಳ ಕೆಲಸ ಸಿನಿಮಾ ಪೋಸ್ಟರುಗಳಿಗೆ ಹೆಸರು ಬರೆಯುವುದು. ಮುಖ ಬಿಡಿಸುವವರು ಬೇರೆ ಇದ್ದರು, ಅವರ ಗತ್ತೇ ಬೇರೆ. ಇವಳದ್ದು ಬರೀ ಅಕ್ಷರ. ದೆವ್ವದ ಸಿನಿಮಾ ಆದರೆ ಅಕ್ಷರದಿಂದ ರಕ್ತ ತೊಟ್ಟಿಕ್ಕಬೇಕು, ನಗೆಯದ್ದಾದರೆ ಸೊನ್ನೆಗಳೆಲ್ಲ ಕುಣಿಯಬೇಕು, ಸಂಸಾರದ ಕಥೆಯಾದರೆ ಒತ್ತಕ್ಷರಗಳು ಮೇಲಿನ ಅಕ್ಷರದ ಮಡಿಲಲ್ಲಿ ಮಲಗಿದ ಹಾಗಿರಬೇಕು. "ಮುಖ ನೋಡಿ ಜನ ನಿಲ್ತಾರೆ, ನಿನ್ನ ಅಕ್ಷರ ನೋಡಿ ಒಳಗೆ ಹೋಗ್ತಾರೆ," ಅಂತ ಪ್ರೆಸ್ಸಿನ ಯಜಮಾನರು ಹೇಳುತ್ತಿದ್ದರು. ಅವರು ಹೊಗಳಿದ್ದು ಅಷ್ಟೇ. ಆದರೆ ಮೂವತ್ತೊಂಬತ್ತು ವರ್ಷ ಅದನ್ನೇ ಹೇಳಿದರು.

ಅವಳಿಗೊಂದು ವಿಚಿತ್ರ ಅಭ್ಯಾಸವಿತ್ತು. ಹೆಸರು ಬರೆಯುವಾಗಲೇ ಅವಳ ತಲೆಯೊಳಗೆ ಇಡೀ ಸಿನಿಮಾ ಓಡಿ ಮುಗಿಯುತ್ತಿತ್ತು. ಆಮೇಲೆ ಥಿಯೇಟರಿಗೆ ಹೋದರೆ ಅಲ್ಲಿ ಇನ್ನೇನೋ ನಡೆಯುತ್ತಿತ್ತು. "ಇದಲ್ಲ ಕಣೋ, ನಾನು ನೋಡಿದ್ದೇ ಚೆನ್ನಾಗಿತ್ತು," ಅಂತ ಪಕ್ಕದಲ್ಲಿ ಕೂತ ತಮ್ಮನಿಗೆ ಪಿಸುಗುಟ್ಟುತ್ತಿದ್ದಳು. ಅವನು ನಗುತ್ತಿದ್ದ. "ಹಾಗಾದ್ರೆ ನಿನ್ನದೇ ತೆಗೆಯೋಣ ಬಿಡು."

ತಮ್ಮ ಅವಳಿಗಿಂತ ಐದು ವರ್ಷ ಚಿಕ್ಕವನು. ಅಪ್ಪ ಬೇಗ ಹೋದ ಮನೆ. ಅಮ್ಮ ಅಂಗಿಗಳಿಗೆ ಗುಂಡಿ ಹಾಕಿಕೊಡುವುದು, ಗುಂಡಿಯ ಕಾಜಾ ಮಾಡುವುದು ಅಂತ ದಿನ ತಳ್ಳಿದವಳು. ಅಕ್ಕ ಕರೆದುಕೊಂಡು ಹೋಗಿ ತೋರಿಸಿದ ಸಿನಿಮಾಗಳನ್ನು ನೋಡಿ ನೋಡಿ ತಮ್ಮನಿಗೂ ಅದರ ಹುಚ್ಚು ಹಿಡಿಯಿತು ಅಂತ ಎಲ್ಲರೂ ಹೇಳುತ್ತಿದ್ದರು. ಅವನು ದೊಡ್ಡ ಊರಿಗೆ ಹೋಗಿ ಸಹಾಯಕ ನಿರ್ದೇಶಕನಾದ. ಹೆಸರು ದೊಡ್ಡದು, ಕೆಲಸ ಮಾತ್ರ ಕ್ಲ್ಯಾಪ್ ಹೊಡೆಯುವುದು, ನಟಿಯ ಕೊಡೆ ಹಿಡಿಯುವುದು, ಬೈಸಿಕೊಳ್ಳುವುದು. ಎರಡು ತಿಂಗಳಿಗೊಮ್ಮೆ ಮನೆಗೆ ಬಂದರೆ ಮೊದಲು ಪ್ರೆಸ್ಸಿಗೇ ಬರುತ್ತಿದ್ದ. ಬಂದು ಅವಳ ಬಲಭುಜದ ಹಿಂದೆ ನಿಲ್ಲುತ್ತಿದ್ದ.

"ಬೆಳಕಿಗೆ ಅಡ್ಡ ನಿಲ್ಲಬೇಡ ಕಣೋ."

"ಅಕ್ಕ, ಒಂದು ಕಥೆ ಹೊಳೆದಿದೆ."

ಹೊಳೆದ ಕಥೆ ಇಷ್ಟೇ. ಒಬ್ಬ ಸಾಧಾರಣ ಗುಮಾಸ್ತ ದಿನಾ ಒಂದೇ ಬಸ್ಸು ಹತ್ತಿ ಒಂದೇ ನಿಲ್ದಾಣದಲ್ಲಿ ಇಳಿಯುವವನು. ಒಂದು ದಿನ ಅವನ ನಿಲ್ದಾಣ ಬರುತ್ತದೆ, ಅವನು ಇಳಿಯುವುದಿಲ್ಲ. ಕೂತೇ ಇರುತ್ತಾನೆ. ಬಸ್ಸು ಮುಂದೆ ಹೋಗುತ್ತಲೇ ಇರುತ್ತದೆ. ಕಂಡಕ್ಟರು ಪ್ರತಿ ನಿಲ್ದಾಣದಲ್ಲೂ ಕೂಗುವ ಮಾತೇ ಸಿನಿಮಾದ ಹೆಸರು: "ಇಳಿಯುವವರು ಮುಂದೆ ಬನ್ನಿ."

ಅಕ್ಷರದಕ್ಕ ಆ ವಾರವೇ ಹೆಸರು ಬರೆದುಬಿಟ್ಟಳು. ಅಕ್ಷರಗಳು ಬಸ್ಸಿನ ಬಾಗಿಲಿನ ಕಡೆ ಸಾಲಾಗಿ ನಿಂತ ಜನರ ಹಾಗೆ ಒಂದರ ಬೆನ್ನಿಗೊಂದು ಒತ್ತಿಕೊಂಡಿದ್ದವು. ಕೊನೆಯ ಅಕ್ಷರ ಮಾತ್ರ ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿತ್ತು. ಕೆಳಗೆ ಸಣ್ಣದಾಗಿ 'ನಿರ್ದೇಶನ' ಅಂತ ಬರೆದು ತಮ್ಮನ ಹೆಸರು. ಅವನು ಬಂದಾಗ ಅದನ್ನು ಎದುರಿಗೆ ಹಿಡಿದಳು. ಅವನು ತುಂಬ ಹೊತ್ತು ನೋಡಿದ. "ಬರೆದೇಬಿಟ್ಯಾ ಅಕ್ಕ?" ಅಂದ. ಅವಳು ಅದನ್ನು ಸಂತೋಷ ಅಂದುಕೊಂಡಳು.

ಹಣ ಹಾಕುವವರು ಸಿಗಲಿಲ್ಲ. ಒಂದು ವರ್ಷ ಹೋಯಿತು, ಎರಡಾಯಿತು. ಅವನು ಬಂದಾಗಲೆಲ್ಲ "ಏನಾಯ್ತೋ ನಮ್ಮ ಬಸ್ಸು?" ಅಂತ ಅವಳು ಕೇಳುವಳು. "ಬರುತ್ತೆ ಅಕ್ಕ, ದಾರಿಯಲ್ಲಿದೆ," ಅನ್ನುವನು. ಅವನ ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಯಾರದೋ ಸಿನಿಮಾದ ಹೊರಾಂಗಣ ಚಿತ್ರೀಕರಣ ಮುಗಿಸಿ ವಾಪಸು ಬರುವಾಗ, ಹಾಡುಹಗಲೇ, ಜನರೇಟರ್ ಹೊತ್ತ ಲಾರಿ ತಿರುವಿನಲ್ಲಿ ಮಗುಚಿತು. ಡ್ರೈವರು ಉಳಿದ. ಜನರೇಟರಿನ ಮೇಸ್ತ್ರಿ ಕಾಲು ಮುರಿದುಕೊಂಡು ಉಳಿದ. ಬಾಗಿಲ ಪಕ್ಕ ಕೂತಿದ್ದ ತಮ್ಮ ಉಳಿಯಲಿಲ್ಲ.

ಸುದ್ದಿ ಬಂದಾಗ ಅವಳು ಒಂದು ನಗೆ ಸಿನಿಮಾದ ಹೆಸರು ಬರೆಯುತ್ತಿದ್ದಳು. ಅದನ್ನು ಮುಗಿಸಿಯೇ ಎದ್ದಳಂತೆ. ಯಾಕೆ ಹಾಗೆ ಮಾಡಿದೆ ಅಂತ ಆಮೇಲೆ ಅವಳಿಗೂ ತಿಳಿಯಲಿಲ್ಲ. ಅವಳನ್ನು ಎಷ್ಟೋ ವರ್ಷ ಕೊರೆದ ಪ್ರಶ್ನೆ ಇನ್ನೊಂದು. ಸಹಾಯಕರಿಗೆಲ್ಲ ವ್ಯಾನ್ ಇತ್ತು. ಅದರಲ್ಲಿ ಜಾಗವೂ ಇತ್ತು. ಇವನು ಆ ಲಾರಿ ಯಾಕೆ ಹತ್ತಿದ? ಯಾರಿಗೂ ಗೊತ್ತಿರಲಿಲ್ಲ.

ಅವನು ಹೋಗಿ ಏಳೆಂಟು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಬಟರ್ ಪೇಪರಿನ ಮೇಲೆ ಗೆರೆ ಎಳೆಯುತ್ತಿದ್ದಾಗ ಕಾಗದದ ಬಲಗಡೆಗೆ ನೆರಳು ಬಿತ್ತು. ಅವಳು ತಲೆ ಎತ್ತಲಿಲ್ಲ. "ಬೆಳಕಿಗೆ ಅಡ್ಡ ನಿಲ್ಲಬೇಡ ಕಣೋ," ಅಂದಳು. ನೆರಳು ಸರಿಯಿತು.

ಬ್ರಷ್ ಅಲ್ಲೇ ನಿಂತಿತು. ಬಾಗಿಲಲ್ಲಿ ಯಜಮಾನರು ಪ್ರೂಫ್ ಹಿಡಿದು ನಿಂತಿದ್ದರು.

"ಯಾರ ಹತ್ರ ಮಾತಾಡ್ತಿದ್ದೀಯ ತಾಯಿ?"

"ಯಾರೂ ಇಲ್ಲ ಯಜಮಾನ್ರೇ. ಮೋಡ ಸರೀತು ಅಷ್ಟೆ."

ಅವತ್ತು ಆಕಾಶದಲ್ಲಿ ಮೋಡವಿರಲಿಲ್ಲ. ಯಜಮಾನರು ಮೇಲೆ ನೋಡಿದರು, ಅವಳನ್ನು ನೋಡಿದರು, ಪ್ರೂಫ್ ಮೇಜಿನ ಮೇಲಿಟ್ಟು ಹೋದರು.

ಮುಂದಿನ ಭಾನುವಾರ ಅವಳು ತಮ್ಮನ ಎರಡನೇ ಸಿನಿಮಾದ ಹೆಸರು ಬರೆದಳು. 'ಗೋಡೆಯಾಚೆಯ ಕೆಮ್ಮು.' ಪಕ್ಕದ ಮನೆಯ ಮುದುಕನ ಕೆಮ್ಮು ಕೇಳಿಕೊಂಡೇ ಬೆಳೆದ ಹುಡುಗಿಯೊಬ್ಬಳ ಕಥೆ. ಒಂದು ದಿನ ಕೆಮ್ಮು ನಿಲ್ಲುತ್ತದೆ. ಅವನು ಬದುಕಿದ್ದರೆ ಇಂಥದ್ದೇ ತೆಗೆಯುತ್ತಿದ್ದ ಅಂತ ಅವಳಿಗೆ ಖಾತ್ರಿ. ಪೋಸ್ಟರು ಮುಗಿದ ಮೇಲೆ ಕ್ಯಾಸೆಟ್ಟಿನ ಹೊದಿಕೆಯನ್ನೂ ಮಾಡಿದಳು. ಮೊದಲ ಬದಿಯಲ್ಲಿ ಮೂರು ಹಾಡು, ಎರಡನೇ ಬದಿಯಲ್ಲಿ ಎರಡು ಹಾಡು ಮತ್ತೊಂದು ವಾದ್ಯಸಂಗೀತ. ಪ್ರತಿ ಹಾಡಿನ ಮೊದಲ ಸಾಲು, ಎಷ್ಟು ನಿಮಿಷ ಎಷ್ಟು ಸೆಕೆಂಡು, ಎಲ್ಲ ಇತ್ತು. ಖಾಲಿ ಡಬ್ಬಿಗೆ ಅದನ್ನು ಹಾಕಿ ಕಪಾಟಿನಲ್ಲಿ ಇಟ್ಟಾಗ ಉಳಿದ ಕ್ಯಾಸೆಟ್ಟುಗಳ ಸಾಲಿನಲ್ಲಿ ಅದು ಬೇರೆಯಾಗಿ ಕಾಣಲೇ ಇಲ್ಲ.

ಅಮ್ಮನಿಗೆ ಅಷ್ಟು ಹೊತ್ತಿಗೆ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಮಗಳು ನೆಲದ ಮೇಲೆ ಹರವಿದ ಕಾಗದದ ಹತ್ತಿರ ಅಮ್ಮ ಬಂದು, ಮೂಗು ತಗಲುವಷ್ಟು ಬಗ್ಗಿ, ದೊಡ್ಡ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಕೆಳಗಿನ ಹೆಸರನ್ನೂ ಓದಿದಳು. ಅಕ್ಷರದಕ್ಕ ಉಸಿರು ಬಿಗಿಹಿಡಿದು ಕೂತಳು. ಬೈಯುತ್ತಾಳೋ, ಅಳುತ್ತಾಳೋ.

"ಏನು ಕಥೆ ಇದರದ್ದು?" ಅಂದಳು ಅಮ್ಮ.

ಹಾಗೆ ಶುರುವಾಯಿತು. ಎರಡು ವರ್ಷಕ್ಕೊಂದರಂತೆ ತಮ್ಮನ ಸಿನಿಮಾ ಬರುತ್ತಿತ್ತು. ಭಾನುವಾರ ಊಟವಾದ ಮೇಲೆ ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂರುವಳು, ಮಗಳು ದೃಶ್ಯ ದೃಶ್ಯವಾಗಿ ಹೇಳುವಳು. ಎಲ್ಲ ಸಿನಿಮಾನೂ ಗೆದ್ದವು ಅಂತೇನಿಲ್ಲ. ಅಕ್ಷರದಕ್ಕ ಆ ವಿಷಯದಲ್ಲಿ ಪ್ರಾಮಾಣಿಕಳು. ನಾಲ್ಕನೆಯದು, 'ಕಳ್ಳನಿಗೊಂದು ಕೊಡೆ', ಯಾರದೋ ಒತ್ತಾಯಕ್ಕೆ ತೆಗೆದದ್ದು, ಮಕಾಡೆ ಮಲಗಿತು. "ಅವನಿಗೆ ಮೊದಲಿಂದ ಯಾರಿಗೂ ಆಗಲ್ಲ ಅನ್ನೋಕೆ ಬಾಯಿಲ್ಲ," ಅಂತ ಅಮ್ಮ ಲೊಚಗುಟ್ಟಿದಳು. ಅದಾದ ಮೇಲೆ ಮೂರು ವರ್ಷ ಅವನು ಏನೂ ತೆಗೆಯಲಿಲ್ಲ, ಗಡ್ಡ ಬಿಟ್ಟ. ಆಮೇಲೆ 'ಅಳತೆ ತಪ್ಪಿದ ಅಂಗಿ' ಬಂತು, ಅದು ಅವನ ಕೈ ಹಿಡಿಯಿತು.

ಅಮ್ಮ ಸುಮ್ಮನೆ ಕೇಳುವವಳಲ್ಲ. "ಆ ಹುಡುಗಿನ ಯಾಕೆ ಸಾಯಿಸ್ದ? ಏನು ಮಾಡಿತ್ತು ಅದು? ಬೇರೆ ಮಾಡು ಅಂತ ಹೇಳು ಅವನಿಗೆ," ಅನ್ನುವಳು. ಮುಂದಿನ ಭಾನುವಾರ ಮಗಳು ಅದೇ ಸಿನಿಮಾವನ್ನು ಬೇರೆ ಕೊನೆಯೊಂದಿಗೆ ಹೇಳುವಳು. ಪೋಸ್ಟರಿನ ಮೂಲೆಗೆ ಕೆಂಪು ಪಟ್ಟಿ ಬರೆದು ಅಂಟಿಸುವಳು: 'ಹೊಸ ಕೊನೆಯೊಂದಿಗೆ ಮತ್ತೆ ತೆರೆಗೆ.' ಒಂದೊಂದಕ್ಕೆ ಎರಡು ಮೂರು ಕೊನೆಗಳಾದವು. ಕೆಲವು ಸಲ ಅಮ್ಮ ಹಳೆಯದೇ ಚೆನ್ನಾಗಿತ್ತು ಅನ್ನುತ್ತಿದ್ದಳು. ಆಗ ಪಟ್ಟಿ ಕಿತ್ತುಹಾಕಬೇಕಿತ್ತು.

ಒಮ್ಮೆ ಎಡವಟ್ಟಾಯಿತು. ಕೆಳಗಿನ ಮನೆಯಲ್ಲಿ ದರ್ಜಿಯೊಬ್ಬರಿದ್ದರು, ಅಮ್ಮನಿಗೆ ಕಾಜಾ ಕೆಲಸ ಕೊಡುತ್ತಿದ್ದ ಹಳಬರು. ಅವರ ಮುಂದೆ ಅಮ್ಮ, "ನನ್ನ ಮಗನದ್ದು ಹೊಸ ಸಿನಿಮಾ ಬಂದಿದೆ, ನೋಡಿದ್ರಾ?" ಅಂದುಬಿಟ್ಟಳು. ದರ್ಜಿ ಒಳ್ಳೆಯವರು. ಊರಿಗೆ ಹೊಸಬರಲ್ಲದಿದ್ದರೂ ಮಗ ಹೋದದ್ದು ಅವರಿಗೆ ಮರೆತಿತ್ತೋ, ಇನ್ನೊಬ್ಬ ಮಗ ಇದ್ದಾನೆ ಅಂದುಕೊಂಡರೋ, ಸಂಜೆ ಹೆಂಡತಿಯನ್ನು ಕರೆದುಕೊಂಡು ಥಿಯೇಟರಿಗೆ ಹೋಗಿ ಆ ಹೆಸರು ಕೇಳಿದರು. ಟಿಕೆಟ್ ಕೊಡುವವನು ಅವರನ್ನು ಮೇಲಿಂದ ಕೆಳಗೆ ನೋಡಿದ. ಮರುದಿನ ದರ್ಜಿ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು, ಅಕ್ಷರದಕ್ಕನ ಮುಖ ನೋಡದೆ, "ಹೋಗಿದ್ವಿ ಅಮ್ಮಾ. ಹೌಸ್‌ಫುಲ್. ಟಿಕೆಟ್ ಸಿಗಲಿಲ್ಲ," ಅಂದರು.

ಅಮ್ಮನ ಮುಖ ಅಷ್ಟು ಅರಳಿದ್ದನ್ನು ಅಕ್ಷರದಕ್ಕ ಮತ್ತೆ ಎಂದೂ ನೋಡಲಿಲ್ಲ.

ಅಮ್ಮನಿಗೆ ನಿಜ ಗೊತ್ತಿತ್ತೋ ಇಲ್ಲವೋ ಅನ್ನುವುದನ್ನು ಅವಳು ಯಾವತ್ತೂ ಕೇಳಲಿಲ್ಲ. ಕೇಳಿದರೆ ಎರಡೂ ಉತ್ತರ ಕಷ್ಟವೇ. ಹತ್ತೊಂಬತ್ತು ವರ್ಷ ಹಾಗೆ ನಡೆಯಿತು, ಬಸ್ಸಿನದೂ ಸೇರಿ ಒಂಬತ್ತು ಸಿನಿಮಾ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂದಾಗ ಅವಳು ಹೊದಿಕೆಯ ಅಳತೆ ಬದಲಿಸಿದಳು. ಪ್ರೆಸ್ಸಿನಲ್ಲಿ ಕಂಪ್ಯೂಟರು ಬಂತು, ಪೋಸ್ಟರಿನ ಅಕ್ಷರಗಳನ್ನು ಅದೇ ಉಗುಳತೊಡಗಿತು, ಅಕ್ಷರದಕ್ಕನಿಗೆ ಪ್ರೂಫ್ ತಿದ್ದುವ ಕೆಲಸ ಉಳಿಯಿತು. ಇಡೀ ಊರಲ್ಲಿ ಕೈಯಲ್ಲಿ ಹೆಸರು ಬರೆಸಿಕೊಳ್ಳುವ ನಿರ್ದೇಶಕ ಈಗ ಒಬ್ಬನೇ, ಅವಳ ತಮ್ಮ.

ಆಸ್ಪತ್ರೆಯಲ್ಲಿ ಕೊನೆಯ ವಾರ ಅಮ್ಮ ಮಾತು ಕಡಿಮೆ ಮಾಡಿದ್ದಳು. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಚಮಚ ತಡೆದು ಹೇಳಿದಳು. "ಸಾಕು ಕಣೇ. ಅವನಿಗೆ ಇನ್ನಾದರೂ ರಜ ಕೊಡು."

ಅಕ್ಷರದಕ್ಕ ಕೊಡಲಿಲ್ಲ. ಅಮ್ಮ ಹೋದ ಮೇಲೆ ಖಾಲಿ ಮನೆಯಲ್ಲಿ ಇನ್ನೆರಡು ಸಿನಿಮಾ ಬಂದವು. ಕೇಳಲು ಯಾರೂ ಇಲ್ಲದೆ ಗೋಡೆಗೆ ಹೇಳಿದಳು. ಪ್ರೆಸ್ಸಿನಲ್ಲಿ ಬಲಭುಜದ ಹಿಂದಿನ ನೆರಳು ಮಾತ್ರ ತಪ್ಪದೆ ಬರುತ್ತಿತ್ತು. ಅದಕ್ಕೂ ವಯಸ್ಸಾದಂತಿತ್ತು. ಮೊದಲಿಗಿಂತ ಸ್ವಲ್ಪ ಬಾಗಿ ನಿಲ್ಲುತ್ತಿತ್ತು.

ಹೀಗಿರುವಾಗ ಒಂದು ದಿನ, ಸುಮಾರು ಹನ್ನೊಂದು ಗಂಟೆಗೆ, ಯಜಮಾನರು ಒಬ್ಬರನ್ನು ಕರೆದುಕೊಂಡು ಹಿಂದಿನ ಕೋಣೆಗೆ ಬಂದರು. "ಸಿನಿಮಾದವರು ತಾಯಿ. ಕೈಯಲ್ಲೇ ಹೆಸರು ಬರೆಸಬೇಕಂತೆ, ನಿನ್ನ ಹುಡುಕ್ಕೊಂಡು ಬಂದಿದ್ದಾರೆ." ಬಂದವರಿಗೆ ಐವತ್ತು ದಾಟಿತ್ತು, ನುಣ್ಣನೆ ತಲೆ, ಹೆಗಲಿಗೆ ಬಟ್ಟೆಯ ಚೀಲ.

"ಗುರುತು ಸಿಕ್ತಾ ಅಕ್ಕ? ನಾನು ಗುಂಗುರ."

ಗುಂಗುರ! ತಮ್ಮನ ಜೊತೆ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯ ಮೇಲೆ ಮಲಗುತ್ತಿದ್ದ ಇನ್ನೊಬ್ಬ ಸಹಾಯಕ. ಎರಡು ಸಲ ಮನೆಗೆ ಬಂದು ಉಂಡು ಹೋಗಿದ್ದ. ಆಗ ತಲೆತುಂಬ ಗುಂಗುರು ಕೂದಲು. ಈಗ ಹೆಸರು ಉಳಿದಿತ್ತು, ಗುಂಗುರು ಉಳಿದಿರಲಿಲ್ಲ.

"ಅಯ್ಯೋ, ಕೂತ್ಕೊಳ್ಳಿ, ಕೂತ್ಕೊಳ್ಳಿ," ಅಂದಳು. ಅಂದು, ಅದು ನಾಲಿಗೆಗೆ ಒಗ್ಗದೆ, "ಕೂತ್ಕೊಳ್ಳೋ," ಅಂತ ತಿದ್ದಿಕೊಂಡಳು.

ಅವನೂ ಇಷ್ಟು ವರ್ಷ ಸಹಾಯಕನಾಗಿ ಸವೆದು, ಟಿ.ವಿ. ಧಾರಾವಾಹಿಗಳಲ್ಲಿ ತೇಲಿ, ಈಗ ಮೊದಲನೇ ಸಿನಿಮಾ ತೆಗೆದು ಮುಗಿಸಿದ್ದನಂತೆ. ಬರೆಯಬೇಕಾದ ಹೆಸರಿನ ಚೀಟಿಯನ್ನು ಮೇಜಿನ ಮೇಲಿಟ್ಟ. ಇಟ್ಟು, ಕೈ ತೆಗೆಯಲಿಲ್ಲ.

"ಅಕ್ಕ, ಇದನ್ನ ನೀವೇ ಬರೀಬೇಕು. ನೋಡಿದ ಮೇಲೆ ಬೈಯೋದಾದ್ರೆ ಬೈರಿ."

ಅವಳು ಚೀಟಿ ಎಳೆದುಕೊಂಡಳು. ಇಳಿಯುವವರು ಮುಂದೆ ಬನ್ನಿ.

ಯಂತ್ರದ ಸದ್ದು ಗೋಡೆಯಾಚೆ ದಡದಡ ನಡೆಯುತ್ತಿತ್ತು. ಅವಳಿಗೆ ಮೊದಲು ಬಂದದ್ದು ಕೋಪವಲ್ಲ, ಗಾಬರಿ. ಮನೆಯ ಅಲ್ಮೇರಾದ ಮೇಲೆ ಆ ಪೋಸ್ಟರುಗಳನ್ನೆಲ್ಲ ಇಟ್ಟಿದ್ದ ರಟ್ಟಿನ ಫೋಲ್ಡರನ್ನು ಯಾರೋ ತೆರೆದು ನೋಡಿಬಿಟ್ಟಿದ್ದಾರೆ ಅನ್ನುವ ಗಾಬರಿ.

"ಇದು ನನ್ನ ತಮ್ಮಂದು."

"ಹೌದಕ್ಕ. ಅವನೇ ನನಗೆ ಕೊಟ್ಟಿದ್ದು."

"ಯಾವಾಗ ಕೊಟ್ಟ? ಯಾಕೆ ಕೊಡ್ತಾನೆ? ಪ್ರಾಣ ಇಟ್ಕೊಂಡಿದ್ದ ಅದರ ಮೇಲೆ."

ಗುಂಗುರ ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದ. ಅಂಚು ಹಳದಿಯಾಗಿತ್ತು. ಒಳಗೆ ತಮ್ಮನ ಕೈಬರಹ. ಅಕ್ಷರದಕ್ಕನ ತಮ್ಮನಾಗಿಯೂ ಅವನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಬೇರೆ ಯಾರದೋ ಅನ್ನುವ ಹಾಗಿರಲಿಲ್ಲ.

"ಲಾರಿ ಮಗುಚೋಕೆ ಹತ್ತು ದಿನ ಮುಂಚೆ ಕೊಟ್ಟ ಅಕ್ಕ. ನೀನು ಮಾಡ್ಕೋ, ನನ್ನ ಕೈಲಿ ಆಗಲ್ಲ, ನಾನು ಬಿಡ್ತೀನಿ ಅಂದ."

"ಏನು ಬಿಡ್ತೀನಿ?"

"ಸಿನಿಮಾ."

ಗುಂಗುರ ನೆಲ ನೋಡುತ್ತ ಹೇಳುತ್ತ ಹೋದ. ತಮ್ಮನಿಗೆ ಒಂದು ವರ್ಷದಿಂದಲೇ ಸಿನಿಮಾ ಸಾಕಾಗಿತ್ತು. ಶೂಟಿಂಗಿನಲ್ಲಿ ಬಿಡುವು ಸಿಕ್ಕರೆ ಕ್ಯಾಮೆರಾ ಹತ್ತಿರ ಇರುತ್ತಿರಲಿಲ್ಲ, ಜನರೇಟರಿನ ಹತ್ತಿರ ಇರುತ್ತಿದ್ದ. ಆ ಮೇಸ್ತ್ರಿಯ ಹತ್ತಿರ ಕೆಲಸ ಕಲಿಯುತ್ತಿದ್ದ. ಇಂಜಿನ್ ಬಿಚ್ಚುವುದು, ಕಟ್ಟುವುದು. ಅದಕ್ಕೇ ವ್ಯಾನ್ ಬಿಟ್ಟು ಲಾರಿ ಹತ್ತುತ್ತಿದ್ದ.

"ಒಂದು ದಿನಾನೂ ನನಗೆ ಹೇಳಲಿಲ್ಲವಲ್ಲೋ," ಅಂದಳು.

"ಹೇಳೋ ಅಂತ ನಾನೂ ಹೇಳಿದೆ ಅಕ್ಕ. ಅವನು ಏನಂದ ಗೊತ್ತಾ? 'ಅಕ್ಕ ಹೆಸರು ಬರೆದಾಗಿದೆ ಮಾರಾಯ. ಪ್ರತಿ ಸಲ ಹೋದಾಗ ಅದನ್ನೇ ಎದುರಿಗೆ ಹಿಡೀತಾಳೆ. ಹೇಗೆ ಹೇಳಲಿ?' ಅಂದ. ಲಾರಿ ಮಗುಚಿದ ವಾರಾನೇ ಮನೆಗೆ ಬಂದು ಹೇಳ್ತೀನಿ ಅಂತ ಗಟ್ಟಿ ಮಾಡ್ಕೊಂಡಿದ್ದ." ಅವನು ತಲೆ ಸವರಿಕೊಂಡ. "ನಾನು ಇದನ್ನೆಲ್ಲ ಹೇಳಬಾರದಿತ್ತೇನೋ."

"ಕೊನೆ ಏನು ಮಾಡಿದ್ದೀಯ?"

"ಏನಕ್ಕ?"

"ಸಿನಿಮಾದ ಕೊನೆ."

"ಅವನು ಬರೆದ ಹಾಗೇ. ಕೊನೇ ನಿಲ್ದಾಣದಲ್ಲಿ ಆ ಮನುಷ್ಯ ಇಳೀತಾನೆ, ನಡ್ಕೊಂಡು ಹೋಗ್ತಾನೆ. ಬಸ್ಸು ಖಾಲಿ ವಾಪಸ್ ಹೋಗುತ್ತೆ."

"ನನಗೆ ಹೇಳಿದ್ದು ಹಾಗಲ್ಲ," ಅಂದಳು ಅಕ್ಷರದಕ್ಕ. "ಬಸ್ಸು ತಿರುಗುತ್ತೆ, ಅವನು ಅದರಲ್ಲೇ ಕೂತಿರ್ತಾನೆ, ಮನೆಗೆ ಬರ್ತಾನೆ ಅಂತ ಹೇಳಿದ್ದ."

ಗುಂಗುರ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ಅವಳ ಮುಂದೆ ಇಟ್ಟ. ಅವಳು ಓದಲಿಲ್ಲ.

ಅವತ್ತು ಅರ್ಧ ದಿನಕ್ಕೇ ಮನೆಗೆ ಬಂದಳು. ಕುರ್ಚಿ ಹತ್ತಿ ಫೋಲ್ಡರು ಇಳಿಸಿ ಹನ್ನೊಂದೂ ಪೋಸ್ಟರುಗಳನ್ನು ಹಾಸಿದಳು, ಮಂಚದ ಮೇಲೆ, ನೆಲದ ಮೇಲೆ, ಅಮ್ಮ ಒರಗುತ್ತಿದ್ದ ಗೋಡೆಗೆ. ಬಿಸಿಲು ಕಿಟಕಿಯಿಂದ ಅವುಗಳ ಮೇಲೆ ಬಿದ್ದಿತ್ತು. ಒಂದೊಂದರ ಕಥೆಯನ್ನೂ ಮೊದಲಿಂದ ನೆನೆಸಿಕೊಳ್ಳುತ್ತ ಬಂದಾಗ, ಇಷ್ಟು ವರ್ಷ ಕಣ್ಣಿಗೆ ಬೀಳದ್ದು ಈಗ ಬಿತ್ತು. ಹನ್ನೊಂದರಲ್ಲೂ ಕೊನೆಗೆ ಯಾರೋ ಒಬ್ಬರು ಮನೆಗೆ ವಾಪಸು ಬರುತ್ತಿದ್ದರು. ಕೆಮ್ಮುತ್ತಿದ್ದ ಮುದುಕ ಆಸ್ಪತ್ರೆಯಿಂದ ಬರುತ್ತಾನೆ. ಕಳ್ಳ ಕೊಡೆ ಹಿಡಿದು ಬರುತ್ತಾನೆ. ಅಮ್ಮ ಕೊನೆ ಬದಲಿಸಿದವೂ ಅಷ್ಟೇ, ಬದಲಿಸದವೂ ಅಷ್ಟೇ. ಪ್ರತಿಯೊಂದರ ಕೆಳಗೂ 'ನಿರ್ದೇಶನ', ತಮ್ಮನ ಹೆಸರು. ಅವನು ಬಿಟ್ಟು ಇಳಿದು ಹೋದ ಕೆಲಸಕ್ಕೆ ಇಪ್ಪತ್ತೈದು ವರ್ಷ ಅವನನ್ನು ಹಿಡಿದು ಕೂರಿಸಿದ್ದಳು. ಸತ್ತ ಮೇಲೂ ಬಿಟ್ಟಿರಲಿಲ್ಲ. ರಜ ಕೊಡು ಅಂದ ಅಮ್ಮನ ಮಾತು ಈಗ ಅರ್ಥವಾಯಿತು.

ಹೆಸರು ಬರೆದುಕೊಡಲು ಒಂದು ವಾರ ಕೇಳಿದ್ದಳು. ಮರುದಿನ ಪ್ರೆಸ್ಸಿನಲ್ಲಿ ಕಾಗದ ಹಾಸಿ ಕೂತಾಗ ನೆರಳು ಎಂದಿನಂತೆ ಬಲಗಡೆಗೆ ಬಂತು. ಆದರೆ ಅವತ್ತು ಅದು ಬೇರೆ ಯಾರದೋ ಆಗಿತ್ತು. ಡೀಸೆಲ್ಲಿನ ವಾಸನೆ ಬಂತು. ಎಣ್ಣೆ ಅಂಟಿದ ಬಟ್ಟೆಯ, ಕಾದ ಕಬ್ಬಿಣದ ವಾಸನೆ. ಯಂತ್ರದ ಕೋಣೆಯಿಂದ ಬರುವ ಶಾಯಿಯ ವಾಸನೆ ಅವಳಿಗೆ ಉಸಿರಿನಷ್ಟು ಗೊತ್ತು, ಇದು ಅದಲ್ಲ. ಅವಳಿಗೆ ಹೆದರಿಕೆಯಾಯಿತು. ಇಷ್ಟು ವರ್ಷ ಹಿಂದೆ ನಿಂತಿದ್ದವನನ್ನು ಅವಳು ಬಲ್ಲಳು, ಅವನ ಗಡ್ಡ, ಅವನ ಸೋಲು, ಅವನ ಮುನಿಸು, ಎಲ್ಲವನ್ನೂ ಅವಳೇ ಬೆಳೆಸಿದ್ದಳು. ಈಗ ಬಂದವನು ಅಪರಿಚಿತ. ಅವನ ಕೈಗಳು ಕಪ್ಪಗಿವೆ ಅಂತ ತಿರುಗಿ ನೋಡದೆಯೂ ಅವಳಿಗೆ ಗೊತ್ತಾಯಿತು. ಬೆಳಕಿಗೆ ಅಡ್ಡ ನಿಂತಿದ್ದ. ಅಡ್ಡ ನಿಲ್ಲಬೇಡ ಅನ್ನಲು ಬಾಯಿ ಬರಲಿಲ್ಲ.

ಆ ಕತ್ತಲಲ್ಲೇ ಬರೆದಳು. ಐದು ದಿನ ತೆಗೆದುಕೊಂಡಳು. ಹಳೆಯದನ್ನು ಎದುರಿಗೆ ಇಟ್ಟುಕೊಳ್ಳಲಿಲ್ಲ. ಅಕ್ಷರಗಳು ಈ ಸಲವೂ ಬಾಗಿಲಿನ ಕಡೆ ಸಾಲಾಗಿಯೇ ನಿಂತವು, ಆದರೆ ಯಾವುದೂ ಹಿಂದಕ್ಕೆ ನೋಡಲಿಲ್ಲ. ಗುಂಗುರ ಬಂದು ನೋಡಿ ಕೈ ಮುಗಿದ. "ಅವನ ಹೆಸರು ಎಲ್ಲಿ ಹಾಕ್ತೀಯ?" ಅಂತ ಕೇಳಿದಳು. "ಕಥೆ ಅಂತ, ತೆರೆ ಮೇಲೆ ಬರೋ ಮೊದಲನೇ ಕಾರ್ಡು ಅಕ್ಕ." ಅದನ್ನೂ ಅವಳೇ ಬರೆದಳು. ತಮ್ಮನ ಹೆಸರಿನ ಮೇಲೆ 'ಕಥೆ' ಅನ್ನುವ ಎರಡಕ್ಷರ ಬರೆಯುವಾಗ ಕೈ ಹಳೆಯ ಅಭ್ಯಾಸದಿಂದ 'ನಿರ್ದೇಶನ'ದ 'ನಿ' ಬರೆಯಲು ಹೊರಟಿತ್ತು. ಹಿಡಿದು ನಿಲ್ಲಿಸಿದಳು.

ಸಿನಿಮಾ ಬಿಡುಗಡೆಯಾದ ಎರಡನೇ ದಿನ ಬೆಳಗಿನ ಆಟಕ್ಕೆ ಒಬ್ಬಳೇ ಹೋದಳು. ಒಳಗೆ ಇಪ್ಪತ್ತು ಜನರಿದ್ದರೆ ಹೆಚ್ಚು. ಹಿಂದಿನ ಸಾಲಿನಲ್ಲಿ ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು. ಅವಳ ಅಕ್ಷರ ತೆರೆಯ ಅಗಲಕ್ಕೂ ಬಂದು ನಿಂತು ಮರೆಯಾಯಿತು. ಕಥೆಯೆಲ್ಲ ಅವಳಿಗೆ ಗೊತ್ತಿದ್ದದ್ದೇ. ಆದರೂ ಕೊನೆಯ ನಿಲ್ದಾಣ ಬಂದಾಗ, ಆ ಗುಮಾಸ್ತ ಎದ್ದು ಬಾಗಿಲ ಕಡೆ ನಡೆದಾಗ, ಕುರ್ಚಿಯ ಕೈ ಹಿಡಿದು "ಬೇಡ, ಬೇಡ," ಅಂದಳು. ಗಟ್ಟಿಯಾಗಿಯೇ ಅಂದಿರಬೇಕು. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು. ಅವನು ಇಳಿದ. ಒಂದು ಮಣ್ಣಿನ ದಾರಿ ಹಿಡಿದು ಚಿಕ್ಕದಾಗುತ್ತ ಹೋದ. ಎಲ್ಲಿಗೆ ಹೋದ ಅಂತ ಸಿನಿಮಾ ಹೇಳಲಿಲ್ಲ.

ದೀಪ ಹತ್ತಿದ ಮೇಲೂ ಅವಳು ಎದ್ದಿರಲಿಲ್ಲ. ಎಲ್ಲಿಗೆ ಹೋದ? ಇಪ್ಪತ್ತೈದು ವರ್ಷ ಕಥೆ ಕಟ್ಟಿದ ತಲೆಗೆ, ಸಿನಿಮಾ ಬಿಟ್ಟ ತಮ್ಮ ಎಲ್ಲಿಗೆ ಹೋಗುತ್ತಿದ್ದ, ಯಾವ ಬೀದಿಯಲ್ಲಿ ಇರುತ್ತಿದ್ದ, ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದ ಅಂತ ಒಂದು ದೃಶ್ಯವೂ ಕಾಣಿಸುತ್ತಿರಲಿಲ್ಲ.

ಗುಂಗುರನಿಂದ ವಿಳಾಸ ಕೇಳಿ ಆ ಜನರೇಟರ್ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದಳು. ಊರಾಚೆ ಗೋದಾಮುಗಳ ಸಾಲಿನ ಕೊನೆಗೆ ತಗಡಿನ ಶೆಡ್ಡು. ಮೇಸ್ತ್ರಿಗೆ ಎಪ್ಪತ್ತೈದರ ಮೇಲಾಗಿತ್ತು. ಒಂದು ಕಾಲು ಎಳೆದು ಹಾಕುತ್ತಿದ್ದರು. ಕಿವಿ ಮಂದ. ಅವಳು ಯಾರು ಅಂತ ತಿಳಿಯಲು ಮೂರು ಸಲ ಕೂಗಬೇಕಾಯಿತು. ತಿಳಿದ ಮೇಲೆ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟರು.

"ಕೂತ್ಕೊಳ್ಳಮ್ಮ. ನೀವು ಯಾವಾಗಾದ್ರೂ ಬರ್ತೀರಿ ಅಂತ ಕಾಯ್ತಿದ್ದೆ. ಆಮೇಲೆ ಕಾಯೋದು ಬಿಟ್ಟಿದ್ದೆ."

"ಅವನು ನಿಜವಾಗಿ ಈ ಕೆಲಸ ಕಲೀತಿದ್ನಾ?"

"ಕಲೀತಿದ್ನಾ ಅಂದ್ರೆ? ಕಣ್ಣು ಮುಚ್ಕೊಂಡು ಶಬ್ದ ಕೇಳಿಯೇ ಯಾವ ವಾಲ್ವ್ ಕೈ ಕೊಟ್ಟಿದೆ ಅಂತ ಹೇಳೋನು. ನನಗೆ ಹತ್ತು ವರ್ಷ ಹಿಡೀತು ಅದು. ಅವತ್ತೂ ಅಷ್ಟೆ, ದಾರಿಯುದ್ದಕ್ಕೂ ಇಂಜಿನ್ ಶಬ್ದಾನೇ ಕೇಳ್ತಾ ಕೂತಿದ್ದ. ಖುಷಿಯಾಗಿದ್ದಮ್ಮ. ಅಂಗಡಿ ಹಾಕೋನಿದ್ದ. ಜಾಗಾನೂ ನೋಡಿದ್ದ."

"ಅಂಗಡಿನಾ?"

"ಹೂಂ. ಪಂಪ್‌ಸೆಟ್ಟು, ಜನರೇಟರು ರಿಪೇರಿ. ಬೋರ್ಡಿನ ವಿಷಯ ಹೇಳಿ ಹೇಳಿ ನನ್ನ ತಲೆ ತಿಂದಿದ್ದ. ಬೋರ್ಡು ಮಾತ್ರ ನಮ್ಮಕ್ಕನೇ ಬರೀಬೇಕು, ಅವಳು ಬರೆದ್ರೆ ಗಿರಾಕಿ ತಾನಾಗೇ ಒಳಗೆ ಬರ್ತಾನೆ ಅಂತಿದ್ದ."

ಅಕ್ಷರದಕ್ಕ ಕೇಳಿದಳು. "ಏನು ಹೆಸರು ಇಡೋನಿದ್ದ?"

ಮೇಸ್ತ್ರಿ ಬಾಯಿ ತೆರೆದರು. ತೆರೆದೇ ಇದ್ದರು. ಹಣೆ ಉಜ್ಜಿಕೊಂಡರು. "ಹೇಳಿದ್ದನಮ್ಮ. ಚೆನ್ನಾಗಿ ಹೇಳಿದ್ದ. ಏನೋ ಒಂದು... ಇಲ್ಲೇ ನಾಲಿಗೆ ತುದೀಲಿದೆ. ಇಲ್ಲಮ್ಮ. ಹೋಯ್ತು."

ನೆನಪಾದರೆ ಹೇಳಿ ಅಂತ ಫೋನ್ ನಂಬರು ಬರೆದುಕೊಟ್ಟು ಬಂದಳು. ಬರುವಾಗ ಅವರ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಒಂದು ತಗಡಿನ ಹಾಳೆಯನ್ನು ಕೇಳಿ ತಂದಳು. ಆರು ಅಡಿ ಉದ್ದ, ಎರಡಡಿ ಅಗಲ. ತುಕ್ಕು ಉಜ್ಜಿ, ಎರಡು ಕೋಟು ಬಿಳಿ ಬಳಿದು, ಪ್ರೆಸ್ಸಿನ ಹಿಂದಿನ ಕೋಣೆಯ ಗೋಡೆಗೆ ಒರಗಿಸಿದಳು. ಮೇಲೆ ಕೆಳಗೆ ಸೀಸದಲ್ಲಿ ಗೆರೆ ಎಳೆದಳು. ಹೆಸರು ಎಷ್ಟು ಅಕ್ಷರದ್ದು ಅಂತ ಗೊತ್ತಿಲ್ಲದೆ ಅಳತೆ ಹಾಕಲು ಬರುವುದಿಲ್ಲ. ಯಜಮಾನರು ಬಂದು ನೋಡಿದರು. "ಏನು ತಾಯಿ ಇದು, ಯಾರ ಬೋರ್ಡು?" ಅಂದರು. "ನಮ್ಮ ತಮ್ಮನ ಅಂಗಡಿದು," ಅಂದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಮೇಸ್ತ್ರಿಯ ದನಿ, ಓಡಿ ಬಂದವರ ಹಾಗೆ ಏದುಸಿರು. "ನೆನಪಾಯ್ತಮ್ಮ! 'ನಾಲ್ಕು ದಾರಿ ಇಂಜಿನ್ ಕೆಲಸ'. ಅದೇ. ಅದನ್ನೇ ಹೇಳಿದ್ದ."

ಅವಳು ಅವತ್ತೇ ಎಣಿಸಿ, ಅಳೆದು, ಮೊದಲ ಎರಡು ಅಕ್ಷರ ಬರೆದಳು. ಎಂದೂ ಇಲ್ಲದಷ್ಟು ದಪ್ಪ, ಎಂದೂ ಇಲ್ಲದಷ್ಟು ಸರಳ. ನೆರಳು ಬಲಗಡೆಗೆ ಬಂದು ನಿಂತಿತ್ತು, ಡೀಸೆಲ್ಲಿನ ವಾಸನೆ ತುಂಬಿತ್ತು, ಅವಳಿಗೆ ಹೆದರಿಕೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಫೋನು.

"ತಪ್ಪು ತಿಳ್ಕೋಬೇಡಿ ಅಮ್ಮಾ. ಅದು ಅವನ ಅಂಗಡಿ ಹೆಸರಲ್ಲ. ನಾನು ಹುಡುಗನಾಗಿದ್ದಾಗ ಕೆಲಸ ಕಲಿತ ಅಂಗಡಿದು. ವಯಸ್ಸಾಯ್ತು, ಎಲ್ಲ ಕಲಸಿಕೊಳ್ಳುತ್ತೆ."

"ಪರವಾಗಿಲ್ಲ ಬಿಡಿ. ನಿಧಾನವಾಗಿ ನೆನಪಾದಾಗ ಹೇಳಿ," ಅಂತ ಕೂಗಿ ಹೇಳಿದಳು.

"ಹೇಳ್ತೀನಮ್ಮ. ಹೇಳದೆ ಹೋಗಲ್ಲ."

ಅಕ್ಷರದಕ್ಕ ಫೋನು ಇಟ್ಟು, ಬಟ್ಟೆಗೆ ಟರ್ಪೆಂಟೈನ್ ಹಾಕಿಕೊಂಡು ಆ ಎರಡು ಅಕ್ಷರಗಳನ್ನು ಒರೆಸಿದಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಸಲೀಸಾಗಿ ಬಂತು. ಆಮೇಲೆ ಕೂತು ಅವತ್ತಿನ ಪ್ರೂಫುಗಳನ್ನು ತಿದ್ದಲು ಶುರು ಮಾಡಿದಳು.